ಲೆಡ್ಜರಿಗೆ ಸಿಗದ ಋಣ: ಫಿಲಿಪ್ಪೀನ್ಸ್‌ನ ಕಾಲೇಜು ಮಕ್ಕಳ ಮನೆ, ಪ್ರೀತಿ, ಬದುಕು

ಕನ್ನಡದ 'ಋಣ' ಎಂಬ ಪದವನ್ನು ಬೇರೆ ಭಾಷೆಯವರಿಗೆ ವಿವರಿಸುವುದು ಸುಲಭವಲ್ಲ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ ಎಂದು ನಾವು ದಿನನಿತ್ಯ ಆಡುವ ಮಾತನ್ನು ಬರೇ 'ಸಾಲ' ಎಂದು ಅನುವಾದಿಸಿದರೆ ಅರ್ಥವೇ ಕೆಟ್ಟುಹೋಗುತ್ತದೆ. ಆದರೆ ಸಮುದ್ರದಾಚೆಯ ಫಿಲಿಪ್ಪೀನ್ಸ್ ದೇಶದ ತಗಲೋಗ್ ಭಾಷೆಯಲ್ಲಿ ಇದಕ್ಕೆ ಸರಿಸಾಟಿಯಾದ ಮಾತೊಂದಿದೆ. ಅದು 'ಉತಾಂಗ್ ನ ಲೊಓಬ್'. 'ಉತಾಂಗ್' ಎಂದರೆ ಸಾಲ, 'ಲೊಓಬ್' ಎಂದರೆ ಒಳಗು. ಒಟ್ಟಿನಲ್ಲಿ ಅಂತರಂಗದ ಸಾಲ. ಅದು ಇಲ್ಲದವನು ಎನಿಸಿಕೊಳ್ಳುವುದು ಅಲ್ಲಿ ದೊಡ್ಡ ಅಪಮಾನ. ನಮ್ಮ ಹಿರಿಯರು 'ಉಂಡ ಮನೆಗೆ ಎರಡು ಬಗೆದವ' ಎಂದು ಬೈಯುತ್ತಿದ್ದರಲ್ಲ, ಅದೇ ತೂಕದ ಮಾತು.

ಆ ದೇಶದ ಕಾಲೇಜು ಹುಡುಗ ಹುಡುಗಿಯರು ಮನೆ, ಪ್ರೀತಿ, ಬೆಳೆಯುವುದು ಎಂಬ ಮೂರು ವಿಷಯಗಳ ಬಗ್ಗೆ ಯೋಚಿಸುವಾಗ ಈ ಒಂದು ಪದದ ಸುತ್ತಲೇ ಸುತ್ತುತ್ತಾರೆ ಎಂದರೆ ಅತಿಶಯೋಕ್ತಿಯಾಗಲಾರದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಹೊರನಾಡ ಕನ್ನಡಿಗರಾದ ನಮಗೆ ಅವರ ಕಥೆ ದೂರದ್ದಲ್ಲ.

ಪೆಟ್ಟಿಗೆಯಲ್ಲಿ ಬರುವ ತಾಯಿ

ಫಿಲಿಪ್ಪೀನ್ಸ್ ಎಂದರೆ ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳು, ಸುಮಾರು 11 ಕೋಟಿ ಜನ. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಸ್ಪೇನ್, ಅನಂತರ ಅಮೆರಿಕ ಆಳಿದ ಈ ದೇಶ 1946ರಲ್ಲಿ ಸ್ವತಂತ್ರವಾಯಿತು. 1974ರಲ್ಲಿ ಫರ್ಡಿನಾಂಡ್ ಮಾರ್ಕೋಸ್ ಸರಕಾರ ಕಾರ್ಮಿಕ ಸಂಹಿತೆಯೊಂದನ್ನು ತಂದು, ಜನರನ್ನು ವಿದೇಶದ ದುಡಿಮೆಗೆ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿತು. ನಿರುದ್ಯೋಗ ನೀಗುವ ತನಕದ ತಾತ್ಕಾಲಿಕ ಕ್ರಮವೆಂದು ಬಗೆದದ್ದು ಅರ್ಧ ಶತಮಾನ ದಾಟಿದರೂ ನಿಂತಿಲ್ಲ. 2024ರಲ್ಲಿ ಹೊರದೇಶದ ಫಿಲಿಪ್ಪೀನಿಗರು ಬ್ಯಾಂಕುಗಳ ಮೂಲಕ ಊರಿಗೆ ಕಳುಹಿಸಿದ ಹಣ 3,400 ಕೋಟಿ ಡಾಲರಿಗೂ ಹೆಚ್ಚು. ಕರಾರಿನ ಮೇಲೆ ಹೊರಗೆ ದುಡಿಯುವ ಸುಮಾರು 20 ಲಕ್ಷ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು. 1988ರಲ್ಲಿ ಅಧ್ಯಕ್ಷೆ ಕೊರಾಝೋನ್ ಅಕ್ವಿನೋ ಅವರು ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡುತ್ತಿದ್ದ ತಮ್ಮ ದೇಶದ ಹೆಣ್ಣುಮಕ್ಕಳನ್ನು ನಾಡಿನ ಹೊಸ ವೀರರು ಎಂದು ಕರೆದರು.

ವೀರರೆಂಬ ಬಿರುದು ತಾಯಂದಿರಿಗೆ ಸಿಕ್ಕಿತು, ಒಂಟಿತನ ಮಕ್ಕಳ ಪಾಲಿಗೆ ಬಂತು. ಮನಿಲಾದ ಕಾಲೇಜೊಂದರಲ್ಲಿ ಓದುವ ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅಂಥ ಮಕ್ಕಳು ಅಲ್ಲಿ ಅಸಂಖ್ಯ ಇರುವುದರಿಂದ ಹೆಸರಿನ ಅಗತ್ಯವಿಲ್ಲ. ಇವಳು ಐದನೇ ವಯಸ್ಸಿನಲ್ಲಿರುವಾಗಲೇ ತಾಯಿ ಹಾಂಗ್‌ಕಾಂಗ್ ಸೇರಿದ್ದಾಳೆ. ಅಲ್ಲಿನ ನಿಯಮದಂತೆ ಮನೆಗೆಲಸದವರು ಮಾಲಕರ ಮನೆಯಲ್ಲೇ ವಾಸಿಸಬೇಕು. ಕರಾರು ಎರಡೆರಡು ವರ್ಷಗಳದ್ದು, ವಾರಕ್ಕೊಂದು ದಿನ ರಜೆ. ರವಿವಾರ ನಗರದ ಮಧ್ಯಭಾಗದ ರಸ್ತೆ, ಚೌಕಗಳಲ್ಲಿ ರಟ್ಟಿನ ಹಾಳೆ ಹಾಸಿಕೊಂಡು ಸಾವಿರಾರು ಫಿಲಿಪ್ಪೀನಿ ಮಹಿಳೆಯರು ಕುಳಿತಿರುತ್ತಾರೆ. ಊಟ ಹಂಚಿಕೊಳ್ಳುತ್ತಾರೆ, ಊರಿಗೆ ಫೋನ್ ಮಾಡುತ್ತಾರೆ. ಇತ್ತ ಮಗಳನ್ನು ಸಾಕಿದವಳು 'ಲೋಲಾ', ಅಂದರೆ ಅಜ್ಜಿ. ಹೊರಗಿನಿಂದ ಬಂದೊಡನೆ ಹಿರಿಯರ ಕೈಹಿಡಿದು ಹಣೆಗೆ ಒತ್ತಿಕೊಳ್ಳುವ 'ಮಾನೋ' ಎಂಬ ಪದ್ಧತಿಯನ್ನು, ಮಾತಿನ ಕೊನೆಗೆ 'ಪೋ' ಎಂದು ಗೌರವ ಸೇರಿಸುವುದನ್ನು ಕಲಿಸಿದವಳೂ ಅಜ್ಜಿಯೇ.

ತಾಯಿ ಮನೆಗೆ ಬರುವುದು ಹೆಚ್ಚಾಗಿ ಪೆಟ್ಟಿಗೆಯ ರೂಪದಲ್ಲಿ. 'ಬಾಲಿಕ್‌ಬಾಯನ್' ಪೆಟ್ಟಿಗೆ ಎಂದು ಅದರ ಹೆಸರು. ಊರಿಗೆ ಮರಳುವವರ ಪೆಟ್ಟಿಗೆ ಎಂದರ್ಥ. ಚಾಕಲೇಟು, ಸಾಬೂನು, ಡಬ್ಬಿಯ ಮಾಂಸ, ಟವೆಲ್, ಮಕ್ಕಳ ಶೂ ಇತ್ಯಾದಿಗಳನ್ನು ತಿಂಗಳುಗಟ್ಟಲೆ ಕೂಡಿಟ್ಟು, ಮೂಲೆಮೂಲೆಯಲ್ಲೂ ತುರುಕಿ, ಹಡಗಿನಲ್ಲಿ ಕಳುಹಿಸುತ್ತಾರೆ. ಇದಕ್ಕೆ ಸುಂಕದ ವಿನಾಯಿತಿಯನ್ನೂ ಅಲ್ಲಿನ ಸರಕಾರ ಕೊಟ್ಟಿದೆ. ಆ ಶೂ ಮಗಳ ಪಾದಕ್ಕೆ ಕೆಲವೊಮ್ಮೆ ಬಿಗಿಯಾಗುತ್ತದೆ. ಕಳೆದ ಸಲ ನೋಡಿದ ಪಾದದ ಅಳತೆ ತಾಯಿಯ ನೆನಪಿನಲ್ಲಿ ಹಾಗೆಯೇ ಉಳಿದಿರುತ್ತದೆ. ಪಾದ ಮಾತ್ರ ಬೆಳೆದಿರುತ್ತದೆ. ಮನೆಯ ಬಗ್ಗೆ ಆ ಹುಡುಗಿಯ ಮನಸ್ಸಿನಲ್ಲಿರುವ ಪ್ರೀತಿ ಮತ್ತು ಮುನಿಸು ಎರಡೂ ಆ ಬಿಗಿಯಾದ ಶೂನಲ್ಲಿವೆ. ಮುನಿಸಿಗೆ ಅವರಲ್ಲಿ 'ತಾಂಪೋ' ಎನ್ನುತ್ತಾರೆ. ಅದು ಜಗಳವಲ್ಲ. ಪ್ರೀತಿಸುವವರು ಬಂದು ರಮಿಸಲಿ ಎಂದು ಕಾಯುವ ಮೌನ. ಆದರೆ ರಮಿಸಬೇಕಾದವಳು ಸಮುದ್ರದಾಚೆ ಇದ್ದರೆ ಆ ಮೌನ ವರ್ಷಗಟ್ಟಲೆ ಉಳಿಯುತ್ತದೆ.

2000ದಲ್ಲಿ ತೆರೆಕಂಡ 'ಅನಕ್' ಎಂಬ ಚಲನಚಿತ್ರ ಇದನ್ನೇ ಹೇಳಿತು. 'ಅನಕ್' ಎಂದರೆ ಮಗು. ಹಾಂಗ್‌ಕಾಂಗ್‌ನಲ್ಲಿ ದುಡಿದು ಮರಳಿದ ತಾಯಿಯ ಪಾತ್ರವನ್ನು ಹೆಸರಾಂತ ನಟಿ ವಿಲ್ಮಾ ಸಾಂತೋಸ್ ಮಾಡಿದ್ದರು. ಯಾರಿಗಾಗಿ ದುಡಿದಳೋ ಅದೇ ಮಕ್ಕಳು ಅವಳನ್ನು ಅಪರಿಚಿತಳಂತೆ ಕಾಣುವುದು, ಹಿರಿಮಗಳು ಎದುರು ನಿಲ್ಲುವುದು ಅದರ ಕಥಾವಸ್ತು.

ಅಕ್ಕನ ಹೆಗಲು

ಅಲ್ಲಿ ಅಕ್ಕನಿಗೆ 'ಆತೆ', ಅಣ್ಣನಿಗೆ 'ಕೂಯಾ' ಎನ್ನುತ್ತಾರೆ. ಚೊಚ್ಚಲ ಮಗುವಿಗೆ 'ಪಂಗಾನಾಯ್' ಎಂಬ ಬೇರೆಯೇ ಪದವಿದೆ. ಆ ಪದದೊಂದಿಗೆ ಹೊಣೆಯೂ ಬರುತ್ತದೆ. ಹಿರಿಯ ಮಗಳು ಓದಿ ಮುಗಿಸಿ, ಕೆಲಸ ಹಿಡಿದು, ತಮ್ಮ ತಂಗಿಯರ ಫೀಸು ಕಟ್ಟಬೇಕೆನ್ನುವುದು ಯಾರೂ ಬರೆದಿಡದ ಕರಾರು. ಹೀಗಾಗಿ ಯಾವ ಕೋರ್ಸು ಓದಬೇಕೆಂಬುದನ್ನು ಎಷ್ಟೋ ಸಲ ಮನೆಯೇ ತೀರ್ಮಾನಿಸುತ್ತದೆ. ಸಾಹಿತ್ಯವೋ ಚಿತ್ರಕಲೆಯೋ ಓದಬೇಕೆಂದಿದ್ದವಳು ನರ್ಸಿಂಗ್ ಸೇರುತ್ತಾಳೆ, ಏಕೆಂದರೆ ನರ್ಸ್‌ಗೆ ಗಲ್ಫ್, ಬ್ರಿಟನ್, ಅಮೆರಿಕಗಳ ಬಾಗಿಲು ತೆರೆದಿರುತ್ತದೆ. ಗಲ್ಫ್ ರಾಷ್ಟ್ರಗಳ ಆಸ್ಪತ್ರೆ, ಹೋಟೆಲ್‌ಗಳಲ್ಲಿ ದುಡಿದ ನಮ್ಮ ಕರಾವಳಿಯವರಿಗೆ ಈ ಹೆಣ್ಣುಮಕ್ಕಳು ಸಹೋದ್ಯೋಗಿಗಳಾಗಿ ಪರಿಚಿತರೇ.

2017ರಲ್ಲಿ ಅಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಸರಕಾರಿ ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳಲ್ಲಿ ಪದವಿ ಶಿಕ್ಷಣದ ಬೋಧನಾ ಶುಲ್ಕವನ್ನು ರದ್ದುಪಡಿಸುವ ಕಾನೂನು ಬಂತು. ಆದರೂ ಬಾಡಿಗೆ, ಊಟ, ಜೀಪ್ನಿಯ ಪ್ರಯಾಣದ ಖರ್ಚು ಇದ್ದೇ ಇದೆ. ಹಗಲು ತರಗತಿ, ಸಂಜೆ ಹೋಟೆಲ್ ಕೌಂಟರ್, ರಾತ್ರಿ ಕಾಲ್‌ಸೆಂಟರ್ ಎಂದು ದುಡಿದು ಓದುವವರು ಬಹಳ. ಬಸ್ಸಿನಲ್ಲಿ ನಿದ್ದೆ ಮಾಡಿ ಪರೀಕ್ಷೆ ಪಾಸಾಗುವುದು ಎಂದರೇನೆಂದು ಸಂಜೆ ಕಾಲೇಜಿನಲ್ಲಿ ಓದಿದ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹದಿನೆಂಟು ಗುಲಾಬಿ

ಹೆಣ್ಣುಮಗಳಿಗೆ ಹದಿನೆಂಟು ತುಂಬಿದಾಗ ಅಲ್ಲಿ 'ದೆಬ್ಯೂ' ಎಂಬ ಸಂಭ್ರಮ. ಹದಿನೆಂಟು ಮಂದಿ ಗಂಡಸರು ಒಬ್ಬೊಬ್ಬರಾಗಿ ಗುಲಾಬಿ ಕೊಟ್ಟು ಅವಳೊಡನೆ ನರ್ತಿಸುತ್ತಾರೆ. ಅವರಲ್ಲಿ ತಂದೆಗೆ ವಿಶೇಷ ಸ್ಥಾನ. ಹದಿನೆಂಟು ಮಂದಿ ಗೆಳತಿಯರು ಮೇಣದ ಬತ್ತಿ ಹಿಡಿದು ಹಾರೈಸುತ್ತಾರೆ. ತಂದೆ ಹಡಗಿನಲ್ಲೋ ಗಲ್ಫ್‌ನಲ್ಲೋ ಇದ್ದರೆ ಅವನ ಗುಲಾಬಿಯನ್ನು ಮಾವನೋ ಅಣ್ಣನೋ ಕೊಡಬೇಕಾಗುತ್ತದೆ.

ಪ್ರೀತಿಯ ವಿಷಯದಲ್ಲೂ ಹಳೆಯ ಪದ್ಧತಿ ಇನ್ನೂ ಮನಸ್ಸಿನಲ್ಲಿದೆ. ಹಿಂದೆ ಹುಡುಗ ತಾನು ಮೆಚ್ಚಿದವಳ ಮನೆಗೆ ಬಂದು ನೀರು ಹೊತ್ತು, ಕಟ್ಟಿಗೆ ಒಡೆದು ಕೊಟ್ಟು ತನ್ನ ಯೋಗ್ಯತೆ ತೋರಿಸಬೇಕಿತ್ತು. ಕಿಟಿಕಿಯ ಕೆಳಗೆ ಗಿಟಾರ್ ಹಿಡಿದು ಹಾಡುವ 'ಹರಾನಾ' ಎಂಬ ಪದ್ಧತಿಯೂ ಇತ್ತು. ಮದುವೆ ನಿಶ್ಚಯಕ್ಕೆ ಹುಡುಗನ ಕಡೆಯವರು ಹುಡುಗಿಯ ಮನೆಯ ಮೆಟ್ಟಿಲೇರಿ ಕೇಳುವುದಕ್ಕೆ 'ಪಮನ್‌ಹೀಕನ್' ಎಂದು ಹೆಸರು. ಇದು ಇಂದಿಗೂ ಇದೆ. ಮೊಬೈಲ್ ಬಂದ ಮೇಲೆ ಹರಾನಾದ ಜಾಗವನ್ನು ಮೆಸೇಜು ಹಿಡಿಯಿತು. 2001ರ ಜನವರಿಯಲ್ಲಿ ಅಧ್ಯಕ್ಷ ಜೋಸೆಫ್ ಎಸ್ತ್ರಾದಾ ಅವರನ್ನು ಇಳಿಸಿದ ಜನಾಂದೋಲನಕ್ಕೆ ಜನ ಒಟ್ಟುಗೂಡಿದ್ದೇ ಎಸ್ಸೆಮ್ಮೆಸ್ ಮೂಲಕ. ಅದೇ ಫೋನಿನಲ್ಲಿ, ಎದುರು ನಿಂತು ಹೇಳಲಾಗದ ಸಂಕೋಚದ ಹುಡುಗ ತನ್ನ ಮನಸ್ಸನ್ನೂ ತಿಳಿಸಿದ. ಅಂಥ ಸಂಕೋಚದವನಿಗೆ ಅಲ್ಲಿ 'ತೋರ್ಪೆ' ಎಂಬ ತಮಾಷೆಯ ಹೆಸರೂ ಉಂಟು.

ಆದರೆ ಹೆಚ್ಚಿನ ಮನೆಗಳಲ್ಲಿ ಒಂದೇ ಮಾತು: ಮೊದಲು ಓದು, ಆಮೇಲೆ ಪ್ರೀತಿ. ಅದಕ್ಕೆ ಕಾರಣವೂ ಇದೆ. ಮುಸ್ಲಿಮರಿಗಿರುವ ಪ್ರತ್ಯೇಕ ಕಾನೂನು ಬಿಟ್ಟರೆ ಆ ದೇಶದಲ್ಲಿ ವಿವಾಹ ವಿಚ್ಛೇದನಕ್ಕೆ ಅವಕಾಶವಿಲ್ಲ. 2024ರ ಮೇ ತಿಂಗಳಲ್ಲಿ ಸಂಸತ್ತಿನ ಕೆಳಮನೆ ವಿಚ್ಛೇದನ ಮಸೂದೆಯನ್ನು ಅಂಗೀಕರಿಸಿತಾದರೂ ಅದು ಕಾನೂನಾಗಲಿಲ್ಲ. ಮದುವೆಯೇ ಅಸಿಂಧು ಎಂದು ಕೋರ್ಟಿನಲ್ಲಿ ಸಾಧಿಸುವುದು ಬಡವರ ಕೈಗೆಟುಕುವ ಖರ್ಚಲ್ಲ. ತಪ್ಪಿ ಕಟ್ಟಿದ ಗಂಟು ಬಿಚ್ಚಲಾಗದೆಂದು ಗೊತ್ತಿರುವ ತಾಯಿ ಮಗಳಿಗೆ 'ಅವಸರ ಮಾಡಬೇಡ' ಎನ್ನುವುದು ಕೇವಲ ಕಟ್ಟುನಿಟ್ಟಲ್ಲ, ಅನುಭವ.

ದೊಡ್ಡವರಾಗುವುದೆಂದರೆ

ಕಾನೂನಿನ ಪ್ರಕಾರ ಅಲ್ಲಿ ಯಾವಾಗ ದೊಡ್ಡವರಾಗುತ್ತಾರೆ? 1989ರ ಕಾನೂನು ಪ್ರಾಪ್ತ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿತು. ಆದರೆ 1987ರ ಕುಟುಂಬ ಸಂಹಿತೆಯಂತೆ ಹದಿನೆಂಟರಿಂದ ಇಪ್ಪತ್ತೊಂದರ ಒಳಗಿನವರು ಮದುವೆಯಾಗಲು ಹೆತ್ತವರ ಒಪ್ಪಿಗೆ ಬೇಕು. ಇಪ್ಪತ್ತೊಂದರಿಂದ ಇಪ್ಪತ್ತೈದರ ತನಕ ಹೆತ್ತವರ ಸಲಹೆಯನ್ನಾದರೂ ಕೇಳಬೇಕು. ಅನುಕೂಲ ಸಲಹೆ ಸಿಗದಿದ್ದರೆ ಪರವಾನಗಿಗೆ ಮೂರು ತಿಂಗಳು ಕಾಯಬೇಕು. ಓಟು ಹಾಕಬಹುದು, ದೇಶ ಬಿಟ್ಟು ದುಡಿಯಲೂ ಹೋಗಬಹುದು. ಮದುವೆಯ ಮಾತು ಬಂದಾಗ ಮಾತ್ರ ಇಪ್ಪತ್ತೈದರ ತನಕ ಮಗುವೇ.

ಶಿಕ್ಷಣದಲ್ಲೂ ಇದೇ ಗೊಂದಲವಿತ್ತು. ಮೊದಲು ಅಲ್ಲಿ ಹತ್ತೇ ವರ್ಷದ ಶಾಲೆ. ಹದಿನಾರಕ್ಕೇ ಕಾಲೇಜು ಮೆಟ್ಟಿಲು. 2013ರ ಕಾನೂನಿನಿಂದ ಹನ್ನೆರಡು ವರ್ಷದ ಶಿಕ್ಷಣ ಜಾರಿಗೆ ಬಂದು, 2016ರಲ್ಲಿ ಹನ್ನೊಂದನೇ ತರಗತಿ ಆರಂಭವಾಯಿತು. ಮಕ್ಕಳಿಗೆ ಬೆಳೆಯಲು ಎರಡು ವರ್ಷ ಹೆಚ್ಚು ಸಿಕ್ಕಿತು. ಮಗಳು ಸಂಪಾದಿಸುವುದನ್ನು ಕಾಯುತ್ತಿದ್ದ ಬಡ ಮನೆಗೆ ಎರಡು ವರ್ಷದ ಖರ್ಚೂ ಹೆಚ್ಚಿತು.

ಮನಸ್ಸು ದೊಡ್ಡದಾಗುವುದು ಕಾನೂನಿನ ದಿನಾಂಕಕ್ಕಲ್ಲ. ನಾವು ಕಲ್ಪಿಸಿಕೊಂಡ ಆ ಹುಡುಗಿ ಮೊದಲ ಬಾರಿ ತಾನೇ ದುಡಿದು, ಆ ಹಣದಿಂದ ಬಾಡಿಗೆ ಕಟ್ಟಿ, ಉಳಿದ ಚಿಲ್ಲರೆಯನ್ನು ಎಣಿಸಿದ ದಿನ ಅವಳಿಗೆ ತಾಯಿಯ ನೆನಪಾಗುತ್ತದೆ. ಊರು ಬಿಡುವಾಗ ತಾಯಿಗೂ ಇಪ್ಪತ್ತೈದೋ ಇಪ್ಪತ್ತಾರೋ ಇರಬಹುದು. ಅವಳಿಗೂ ಹೆದರಿಕೆಯಿತ್ತು, ಅವಳಿಗೂ ಒಂದು ಪ್ರೀತಿ, ಒಂದು ಕನಸು ಇತ್ತು ಎಂದು ಹೊಳೆಯುತ್ತದೆ. ತಾಯಿ ತನ್ನನ್ನು ಬಿಟ್ಟು ಹೋದಳು ಎಂಬ ಮಾತು, ತಾಯಿ ತನಗಾಗಿ ಹೋದಳು ಎಂಬ ಮಾತಾಗಿ ಬದಲಾಗುತ್ತದೆ. ಜತೆಗೇ ಒಂದು ಪ್ರಶ್ನೆಯೂ ಏಳುತ್ತದೆ: ಇಷ್ಟೆಲ್ಲ ಪಡೆದ ಮೇಲೆ ನನ್ನ ಬದುಕು ನನ್ನದೇ?

ಇದಕ್ಕೆ ಆ ದೇಶದ ಮನಶ್ಶಾಸ್ತ್ರಜ್ಞ ವಿರ್ಹಿಲಿಯೋ ಎನ್ರಿಕೆಸ್ ಅವರ ವಿಚಾರ ಒಂದು ದಾರಿ ತೋರಿಸುತ್ತದೆ. ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿ, 1994ರಲ್ಲಿ ತೀರಿಕೊಂಡ ಅವರು, ತಮ್ಮ ಜನರ ಮನಸ್ಸನ್ನು ತಮ್ಮದೇ ಭಾಷೆಯ ಪದಗಳಿಂದ ಅರಿಯಬೇಕೆಂದು ದುಡಿದವರು. 'ಉತಾಂಗ್ ನ ಲೊಓಬ್' ಅನ್ನು ವಿದೇಶಿ ವಿದ್ವಾಂಸರು ಮರುಪಾವತಿಯ ಸಾಲವೆಂದು ಓದಿದ್ದನ್ನು ಅವರು ಒಪ್ಪಲಿಲ್ಲ. ಅದು ಕೃತಜ್ಞತೆ, ಒಬ್ಬರಿಗೊಬ್ಬರು ಜತೆಯಾಗಿ ನಿಲ್ಲುವ ಭಾವ ಎಂಬುದು ಅವರ ವಾದ.

ಬ್ಯಾಂಕಿನಲ್ಲಿ ಮೂರು ದಶಕ ಲೆಡ್ಜರ್ ನೋಡಿದ ನನಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಸಾಲಕ್ಕೆ ಅಸಲು, ಬಡ್ಡಿ, ಕಂತು, ಅವಧಿ ಎಲ್ಲವೂ ಉಂಟು. ಕೊನೆಯ ಕಂತು ಕಟ್ಟಿದ ದಿನ ಖಾತೆ ಮುಚ್ಚುತ್ತದೆ, ಸಂಬಂಧವೂ ಮುಗಿಯುತ್ತದೆ. ತಾಯಿ ಮಗಳ ಖಾತೆಯನ್ನು ಹಾಗೆ ಮುಚ್ಚಲು ಯಾರಿಗೆ ತಾನೇ ಇಷ್ಟ? ಋಣವನ್ನು ಸಾಲವೆಂದು ಲೆಕ್ಕ ಹಾಕಿದರೆ ಮಕ್ಕಳು ಸಾಲಗಾರರಾಗುತ್ತಾರೆ, ಹೆತ್ತವರು ವಸೂಲಿಗಾರರಾಗುತ್ತಾರೆ.

ನಮ್ಮ ವೇದಿಕೆಗಳಿಗೊಂದು ಮಾತು

ನಮ್ಮ ಹಿಂದಿನ ತಲೆಮಾರಿನ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ತಾಯಿ ಊರು ಬಿಟ್ಟಳು, ಇಲ್ಲಿ ಮಕ್ಕಳೇ ಊರು ಬಿಟ್ಟರು. ದಕ್ಷಿಣ ಕನ್ನಡ, ಉಡುಪಿಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳುಹಿಸಿದ ಹುಡುಗರಿಂದಲೇ ನಮ್ಮ ಎಷ್ಟೋ ಸಂಘ ಸಂಸ್ಥೆಗಳು ಬೆಳೆದವು. ಅವರಲ್ಲಿ ಹಲವರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತಮ್ಮ ಮದುವೆಯ ವಯಸ್ಸು ದಾಟಿದವರು. ಅವರ ತ್ಯಾಗ ದೊಡ್ಡದು. ಆದರೆ ಅದೇ ತ್ಯಾಗವನ್ನು ಮುಂದಿನ ತಲೆಮಾರಿನಿಂದ ಕಂತಿನಂತೆ ಕೇಳಬಹುದೇ?

ವರ್ಷಂಪ್ರತಿ ಜೂನ್, ಜುಲೈ ಬಂತೆಂದರೆ ನಮ್ಮ ಸಂಘಗಳಲ್ಲಿ ವಿದ್ಯಾರ್ಥಿ ವೇತನ ವಿತರಣೆ, ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಅತಿಥಿಗಳು 'ಹೆತ್ತವರ ಋಣ ತೀರಿಸಿರಿ, ಸಮಾಜದ ಋಣ ತೀರಿಸಿರಿ' ಎಂದು ಹರಸುತ್ತಾರೆ. ಮಾತು ಒಳ್ಳೆಯದೇ. ಆದರೆ ಶಾಲು ಹೊದ್ದು ನಿಂತ ಆ ಹದಿನೆಂಟರ ಮಗಳಿಗೆ ಇನ್ನೂ ಎರಡು ಮಾತು ಬೇಕು. ನೀನು ಏನು ಓದಬೇಕೆಂದಿದ್ದೀ ಎಂದು ಒಬ್ಬರಾದರೂ ಕೇಳಬೇಕು. ನಿನಗೆ ಕೊಟ್ಟದ್ದು ಸಾಲವಲ್ಲ, ಮುಂದೆ ನೀನು ಇನ್ನೊಬ್ಬರಿಗೆ ಕೊಡು, ಅಷ್ಟು ಸಾಕು ಎಂದು ಒಬ್ಬರಾದರೂ ಹೇಳಬೇಕು. ಈ ವರ್ಷದ ಸಮಾರಂಭದಲ್ಲಿ ಅಧ್ಯಕ್ಷರ ಭಾಷಣದಿಂದ ಐದು ನಿಮಿಷ ತೆಗೆದು ಆ ಮಕ್ಕಳ ಕೈಗೆ ಮೈಕು ಕೊಟ್ಟರೆ, ಮನೆ, ಪ್ರೀತಿ, ಬೆಳೆಯುವುದರ ಬಗ್ಗೆ ಅವರು ಏನು ಯೋಚಿಸುತ್ತಿದ್ದಾರೆಂದು ನಾವೂ ಕೇಳಿ ತಿಳಿಯಬಹುದು.