ನಡುಗುವ ಇಲಿಗಳು ಮತ್ತು ನರತಂತುವಿನ ಹೊದಿಕೆ

ನರತಂತುವನ್ನು ಪದರಪದರವಾಗಿ ಸುತ್ತಿರುವ ಮೇದಸ್ಸಿನ ಹೊದಿಕೆಯೇ ಮಯಲಿನ್. ‘ಶಿವರರ್’ ಎಂಬ ಇಲಿಯ ತಳಿಯಲ್ಲಿ ಮಯಲಿನ್ ಬೇಸಿಕ್ ಪ್ರೋಟೀನಿನ ವಂಶವಾಹಿಯ ಬಹುಭಾಗ ಲೋಪವಾಗಿದೆ. ಈ ಲೋಪವನ್ನು ತಂದೆ ತಾಯಿ ಎರಡೂ ಕಡೆಯಿಂದ ಪಡೆದ ಮರಿಗಳು ಸುಮಾರು 12ನೆಯ ದಿನದಿಂದ ನಡುಗತೊಡಗುತ್ತವೆ. ಮುಂದೆ ಅಪಸ್ಮಾರದ ಸೆಳೆತಕ್ಕೊಳಗಾಗಿ ಕೆಲವೇ ತಿಂಗಳಲ್ಲಿ ಸಾಯುತ್ತವೆ. ಮಿದುಳು ಹಾಗೂ ಮಿದುಳುಬಳ್ಳಿಯ ತಂತುಗಳು ಬಹುಪಾಲು ಬರಿದಾಗಿದ್ದರೂ ಕಾಲುಗಳ ನರಗಳಲ್ಲಿ ಹೊದಿಕೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅಲ್ಲಿ ಪದರಗಳನ್ನು ಬಿಗಿಯುವ ಮುಖ್ಯ ಹೊಣೆ ‘ಪಿ-ಸೊನ್ನೆ’ ಎಂಬ ಬೇರೊಂದು ಪ್ರೋಟೀನಿನದು.

ಈ ಲೋಪವೇ ರೋಗಕ್ಕೆ ಮೂಲವೆಂಬುದನ್ನು 1987ರಲ್ಲಿ ಕರೋಲ್ ರೀಡ್‌ಹೆಡ್ ಮತ್ತು ಸಹೋದ್ಯೋಗಿಗಳು ಸ್ಥಾಪಿಸಿದರು. ಅವರು ಸರಿಯಾದ ವಂಶವಾಹಿಯನ್ನು ಸೇರಿಸಿದ ಸಂತತಿಯಲ್ಲಿ ಆ ಪ್ರೋಟೀನು ಸಹಜ ಪ್ರಮಾಣದ ಸುಮಾರು ಕಾಲುಭಾಗದಷ್ಟೇ ಇದ್ದರೂ ನಡುಕ ನಿಂತಿತು, ಅಕಾಲಮರಣವೂ ತಪ್ಪಿತು.

ಆದರೆ ಮಯಲಿನ್ ಎಂದರೆ ವಿದ್ಯುತ್ ತಂತಿಯ ಹೊದಿಕೆಯಂತೆ ಎಂಬ ಪಠ್ಯಪುಸ್ತಕದ ಹೋಲಿಕೆ ಸಾಲದು. ‘ಪಿಎಲ್‌ಪಿ’ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ಹೊದಿಕೆ ಬಹುಮಟ್ಟಿಗೆ ರೂಪುಗೊಂಡರೂ ಒಳಗಿನ ತಂತುಗಳು ಊದಿಕೊಂಡು ಕ್ಷೀಣಿಸುವುದು 1998ರಲ್ಲಿ ವರದಿಯಾಯಿತು. ಹೊದಿಕೆ ಹೆಣೆಯುವ ಕೋಶವೇ ತಂತುವಿನ ಪೋಷಕವೂ ಹೌದು. ಇದೇ ವಂಶವಾಹಿಯ ದೋಷಗಳು ಮನುಷ್ಯರಲ್ಲಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ಪೆಲಿಜೇಯಸ್-ಮೆರ್ಟ್ಸ್‌ಬಾಖರ್ ರೋಗವನ್ನು ಉಂಟುಮಾಡುತ್ತವೆ. ಈ ಪ್ರೋಟೀನು ಸಂಪೂರ್ಣವಾಗಿ ಇಲ್ಲದವರಲ್ಲಿ ರೋಗ ತುಸು ಸೌಮ್ಯವಾಗಿದ್ದರೂ ನಡಿಗೆಯ ಶಕ್ತಿ ವರ್ಷಗಳುದ್ದಕ್ಕೂ ಕುಂದುತ್ತ ಹೋಗುತ್ತದೆ.