ಬಾಸ್ ಗಿಟಾರೂ ಕಂಪ್ರೆಸರ್ ಎಂಬ ಯಂತ್ರವೂ

ನಮ್ಮ ಶಾಲೆಯ ವಾದ್ಯವೃಂದದಲ್ಲಿ ಬಾಸ್ ಗಿಟಾರ್ ನುಡಿಸುವ ಬಾಲಿಕೆಯರ ತಾಯಿತಂದೆಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: ಮಗಳು ಕಂಪ್ರೆಸರ್ ಬೇಕೆಂದು ಹಟ ಹಿಡಿದಿರುವಳು, ಹಲವು ಸಾವಿರ ರೂಪಾಯಿ ತೆತ್ತು ಅದನ್ನು ಕೊಡಿಸುವದು ಅವಶ್ಯವೋ? ಅಡಿಕೆಯ ಫಸಲನ್ನೇ ನೆಚ್ಚಿಕೊಂಡ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ. ಆದಕಾರಣ ಆ ಯಂತ್ರವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬದನ್ನು ಇಲ್ಲಿ ತಿಳಿಸಲಿಚ್ಛಿಸುತ್ತೇವೆ.

ಅಮಾಸೆಬೈಲಿನ ಬಯಲಾಟದ ಚೆಂಡೆಗೆ ವಿದ್ಯುತ್ತಿನ ಹಂಗಿಲ್ಲ. ಅದರ ದನಿ ಗದ್ದೆಗಳಾಚೆಗೂ ತಾನಾಗಿ ಕೇಳಿಸುವದು. ಬಾಸ್ ಗಿಟಾರಿನ ಸಂಗತಿ ಬೇರೆ. ಅಮೇರಿಕದ ಲಿಯೋ ಫೆಂಡರ್ ಎಂಬವರು 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಪ್ರಚಾರಕ್ಕೆ ಬಂದ ಈ ವಾದ್ಯದ ಒಡಲು ಗಟ್ಟಿಮರದ್ದು. ಧ್ವನಿವರ್ಧಕವಿಲ್ಲದೆ ಅದರ ದನಿ ಸಭೆಗೆ ಮುಟ್ಟದು. (ಶಿಶುನಾಳ ಶರೀಫರ ತತ್ತ್ವಪದಗಳನ್ನು ರಘು ದೀಕ್ಷಿತರ ತಂಡವು 2008ರಲ್ಲಿ ಇದೇ ವಾದ್ಯದೊಡನೆ ಧ್ವನಿಮುದ್ರಿಸಿ ಪ್ರಕಟಿಸಿದ್ದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು.) ಇದರ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇಂಥ ತಗ್ಗು ಸ್ವರಗಳಿಗೆ ಮನುಷ್ಯನ ಕಿವಿ ಮಂದವೆಂಬದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಆದದರಿಂದ ಮೆಲ್ಲನೆ ಮೀಟಿದ ಸ್ವರವು ಹಾಡಿನ ನಡುವೆ ಅಡಗಿಹೋಗುವದು. ಬಿರುಸಾಗಿ ಮೀಟಿದ್ದು ಸ್ಪೀಕರನ್ನು ಬಿರಿಯುವಂತೆ ಮಾಡುವದು. ಎಳೆಯ ಬೆರಳುಗಳಲ್ಲಿ ಈ ಎರಡೂ ಒಂದೇ ಸಾಲಿನಲ್ಲಿ ಉಂಟಾಗುತ್ತವೆ.

ಕಂಪ್ರೆಸರು ಇಲ್ಲಿ ಸಹಾಯಕ್ಕೆ ಬರುತ್ತದೆ. 1930ರ ದಶಕದಲ್ಲಿಯೇ ರೇಡಿಯೋ ನಿಲಯಗಳು ತಮ್ಮ ಪ್ರಸಾರಯಂತ್ರಕ್ಕೆ ಅತಿ ಜೋರಿನ ಧ್ವನಿ ತಗಲದಂತೆ ಇಂಥ ಸಾಧನವನ್ನು ಬಳಸುತ್ತಿದ್ದವು. ಇದರಲ್ಲಿ ಮೊದಲು ಒಂದು ಹೊಸ್ತಿಲನ್ನು ಗೊತ್ತುಮಾಡಬೇಕು. ಇದಕ್ಕೆ ತ್ರೆಶೋಲ್ಡ್ ಎನ್ನುವರು. ಹೊಸ್ತಿಲು ದಾಟದ ಧ್ವನಿಯನ್ನು ಯಂತ್ರವು ಮುಟ್ಟುವದಿಲ್ಲ. ದಾಟಿದ್ದನ್ನು ಗೊತ್ತುಮಾಡಿದ ಪ್ರಮಾಣದಲ್ಲಿ ತಗ್ಗಿಸುತ್ತದೆ: ಪ್ರಮಾಣವು 4ಕ್ಕೆ 1 ಎಂದಿದ್ದರೆ, 8 ಡೆಸಿಬೆಲ್ ಮೇಲೇರಿದ ಧ್ವನಿಯು 2 ಡೆಸಿಬೆಲ್ ಮಾತ್ರ ಮೇಲೇರಿ ಹೊರಬರುವದು. ಬಳಿಕ ಒಟ್ಟು ಧ್ವನಿಯನ್ನು ಎತ್ತಿದರೆ ಮೆಲುಸ್ವರಗಳೂ ಸಭೆಗೆ ಮುಟ್ಟುತ್ತವೆ. ಆದರೆ ತಂತಿಯ ಗರಗರ, ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಇವೂ ಸಂಗಡವೇ ಮೇಲೇಳುವವು.

ನಮ್ಮ ಹುಡುಗಿಯರು ತಪ್ಪುವದು ಬಹುಮಟ್ಟಿಗೆ ಕಾಲದ ಎರಡು ಗುಂಡಿಗಳಲ್ಲಿ. ಅಟ್ಯಾಕ್ ಎಂಬದು ಯಂತ್ರವು ಎಷ್ಟು ಬೇಗ ಹಿಡಿಯಬೇಕೆಂಬದು. ಅದನ್ನು ಅತಿ ಚುರುಕಾಗಿಟ್ಟರೆ ಬೆರಳಿನ ಮೊದಲ ಪೆಟ್ಟೇ ಅಳಿದು ಸ್ವರವು ಮೊಂಡಾಗುವದು. ಸುಮಾರು 30 ಮಿಲಿಸೆಕೆಂಡು ಇಟ್ಟರೆ ಪೆಟ್ಟು ಉಳಿಯುವದು. ರಿಲೀಸ್ ಎಂಬದು ಎಷ್ಟು ಬೇಗ ಬಿಡಬೇಕೆಂಬದು. ಮೇಲೆ ಹೇಳಿದ ದಪ್ಪ ತಂತಿಯ ಒಂದು ಕಂಪನಕ್ಕೆ ಸುಮಾರು 24 ಮಿಲಿಸೆಕೆಂಡು ಹಿಡಿಯುವದಷ್ಟೆ. ರಿಲೀಸನ್ನು ಅದಕ್ಕಿಂತ ಕಡಿಮೆಯಿಟ್ಟರೆ ಯಂತ್ರವು ಒಂದೊಂದು ಕಂಪನವನ್ನೂ ಹಿಡಿದು ಬಿಡತೊಡಗಿ ಸ್ವರವು ಕೆಡುವದು. 100 ರಿಂದ 200 ಮಿಲಿಸೆಕೆಂಡಿನಿಂದ ಆರಂಭಿಸುವದು ಲೇಸು.

ಹಾರ್ಮೋನಿಯಂ ಬಲ್ಲವರಿಗೆ ಒಂದು ದೃಷ್ಟಾಂತ. ಹೊರಗಿನ ತಿದಿಯನ್ನು ತಡೆತಡೆದು ಒತ್ತಿದರೂ ಒಳಗಿನ ತಿದಿಯು ಗಾಳಿಯನ್ನು ಸಮನಾಗಿ ಕೊಡುತ್ತದೆ. ಕಾಲಿನಿಂದ ತುಳಿಯುವ ದೊಡ್ಡ ಹಾರ್ಮೋನಿಯಂಗಳಲ್ಲಿ ಎಕ್ಸ್‌ಪ್ರೆಶನ್ ಎಂಬ ಗುಂಡಿಯನ್ನೆಳೆದರೆ ಆ ಒಳತಿದಿಯ ಕೆಲಸ ತಪ್ಪಿ, ಕಾಲಿನ ಏರಿಳಿತವೆಲ್ಲ ಸ್ವರದಲ್ಲಿ ಕೇಳಿಸುವದು. ನುರಿತವರು ಭಾವ ತೋರಿಸಲು ಅದನ್ನೆಳೆಯುವರು. ಕಂಪ್ರೆಸರಿನಲ್ಲಿಯೂ ಸಮತೆ ಹೆಚ್ಚಿದಷ್ಟು ಭಾವ ಕುಗ್ಗುವದು. ಅತಿ ಜೋರಿನ ಸ್ವರವು 3 ರಿಂದ 6 ಡೆಸಿಬೆಲ್ ತಗ್ಗಿದರೆ ನಮ್ಮ ಸಭಾಗೃಹಕ್ಕೆ ಸಾಕು.

ಕಲಿಯುವ ಮೊದಲ ವರುಷದಲ್ಲಿ ಈ ಯಂತ್ರವನ್ನು ಕೊಡಿಸಬಾರದೆಂದೇ ನಮ್ಮ ಅಭಿಪ್ರಾಯ. ತನ್ನ ಬೆರಳು ಎಲ್ಲಿ ಸೋತಿತೆಂಬದು ಹುಡುಗಿಯ ಕಿವಿಗೆ ಬೀಳದಂತೆ ಅದು ಮುಚ್ಚಿಬಿಡುತ್ತದೆ. ತಾಳ ತಪ್ಪಿದ್ದನ್ನಂತೂ ಅದು ತಿದ್ದುವದೇ ಇಲ್ಲ. ಎರಡನೆಯ ವರುಷದಲ್ಲಿ, ಅದಿಲ್ಲದೆಯೇ ಒಂದು ಪೂರ್ಣ ಹಾಡನ್ನು ಸಮನಾಗಿ ನುಡಿಸಿದವಳಿಗೆ ಕೊಡಿಸಿರಿ. ಆಗಲೂ ಉತ್ಸವದ ದಿನ ಧ್ವನಿವರ್ಧಕದವರನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಅವರ ಮಿಕ್ಸರಿನಲ್ಲಿಯೂ ಕಂಪ್ರೆಸರ್ ಇರುವದುಂಟು, ಎರಡನ್ನೂ ಒಟ್ಟಿಗೆ ಬಿಗಿಯಾಗಿಟ್ಟರೆ ಸ್ವರದಲ್ಲಿ ಜೀವವುಳಿಯದು.