ಅರಸನ ಕಥೆಯೋ, ಶಿಲ್ಪಿಯ ಕಥೆಯೋ? ಮಕ್ಕಳ ಪುಸ್ತಕದೊಳಗೆ ತುಳುನಾಡಿನ ಸಮಾಜ

ಬಂಟ್ವಾಳ: ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲೆ 35 ಅಡಿ ಎತ್ತರದ ಗೊಮ್ಮಟ ಮೂರ್ತಿಯಿದೆ. ಅಜಿಲ ಅರಸು ಮನೆತನದ ತಿಮ್ಮರಾಜನು 1604ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಶಾಲಾ ಪ್ರವಾಸಕ್ಕೆ ಬರುವ ಮಕ್ಕಳಿಗೆ ತಿಳಿಸಲಾಗುತ್ತದೆ. ಆದರೆ ಈ ಭಾಗದ ಹಳ್ಳಿಮನೆಗಳಲ್ಲಿ ಹಿರಿಯರು ಹೇಳುತ್ತ ಬಂದಿರುವ ಕಥೆ ಬೇರೆಯೇ ಇದೆ. ಕಾರ್ಕಳದಲ್ಲಿ ಅದ್ಭುತವಾದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ, ಇನ್ನೆಲ್ಲಿಯೂ ಅಂಥದ್ದನ್ನು ಕೆತ್ತಬಾರದೆಂದು ಅಲ್ಲಿನ ಅರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದ. ಛಲ ಬಿಡದ ಶಿಲ್ಪಿ ವೇಣೂರಿಗೆ ಬಂದು, ಉಳಿದ ಒಂದೇ ಕೈಯಲ್ಲಿ ಮತ್ತೊಬ್ಬ ಗೊಮ್ಮಟನನ್ನು ಕಡೆದು ನಿಲ್ಲಿಸಿದ. ಅವನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ, ಅಣ್ಣನಿಗಾದ ಅನ್ಯಾಯಕ್ಕೆ ಉತ್ತರ ಕೇಳಿದಳು. ಇಂದಿಗೂ ಅವರಿಬ್ಬರೂ ದೈವಗಳಾಗಿ ನೇಮ ಪಡೆಯುತ್ತಿದ್ದಾರೆ.

ಇತಿಹಾಸದ ಲೆಕ್ಕಕ್ಕೆ ಈ ಕಥೆ ನಿಲ್ಲುವುದಿಲ್ಲ. ಕಾರ್ಕಳದ ಮೂರ್ತಿ ಸ್ಥಾಪನೆಯಾದದ್ದು 1432ರಲ್ಲಿ. ಎರಡರ ನಡುವೆ 172 ವರ್ಷಗಳ ಅಂತರವಿದೆ. ಆದರೂ ಪಾಡ್ದನ ಎತ್ತುವ ಪ್ರಶ್ನೆ ಸುಳ್ಳಲ್ಲ. ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯಿತು, ಕಟ್ಟಿದವನ ಹೆಸರು ಎಲ್ಲಿ ಹೋಯಿತು ಎಂಬುದೇ ಆ ಪ್ರಶ್ನೆ. ಈ ಎರಡು ಕಥೆಗಳಲ್ಲಿ ಯಾವುದು ಮಗುವಿನ ಕೈಗೆ ಸಿಗುವ ಪುಸ್ತಕದಲ್ಲಿ ಅಚ್ಚಾಗುತ್ತದೆ ಎಂಬುದು ಮಕ್ಕಳ ಸಾಹಿತ್ಯದ ಮುಖ್ಯ ವಿಚಾರ.

ಮಕ್ಕಳ ಕಥೆಯೆಂದರೆ ರಂಜನೆ ಮತ್ತು ನೀತಿ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಮಗು ಕಥೆಯಿಂದ ಕಲಿಯುವುದು ಕೊನೆಯ ಸಾಲಿನ ನೀತಿಯನ್ನಷ್ಟೇ ಅಲ್ಲ. ಯಾರು ಆಳುತ್ತಾರೆ, ಯಾರು ದುಡಿಯುತ್ತಾರೆ, ಯಾರು ಅಡುಗೆ ಮಾಡುತ್ತಾರೆ, ಯಾರನ್ನು ನೋಡಿ ನಗಬಹುದು ಎಂಬುದನ್ನೂ ಅದು ಯಾರೂ ಹೇಳಿಕೊಡದೆಯೇ ಗ್ರಹಿಸುತ್ತದೆ. ಸಮಾಜ ಇದ್ದಂತೆಯೇ ತೋರಿಸಿ ಅದನ್ನು ಒಪ್ಪಿಸುವ ಕಥೆಗಳಿವೆ. ಇದು ಹೀಗೇಕೆ ಎಂದು ಕೇಳಿಸುವ ಕಥೆಗಳೂ ಇವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಜನಪದದಲ್ಲಿ ಎರಡನೆಯ ಬಗೆಯ ಕಥೆಗಳಿಗೆ ಬರವಿಲ್ಲ. ಅವು ಮಕ್ಕಳ ಪುಟಗಳಿಗೆ ಬಂದದ್ದು ಮಾತ್ರ ಕಡಿಮೆ.

ಪಂಜೆಯವರು ತೆರೆದ ಬಾಗಿಲು

ಕನ್ನಡದ ಆಧುನಿಕ ಮಕ್ಕಳ ಸಾಹಿತ್ಯದ ಆರಂಭದ ಹೆಸರೇ ಬಂಟ್ವಾಳದ್ದು. 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಆಗಿನ ಮದರಾಸು ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವುದನ್ನು ಹತ್ತಿರದಿಂದ ಕಂಡಿದ್ದ ಅವರು, ಮಕ್ಕಳಿಗೆ ಅರ್ಥವಾಗುವ, ಹಾಡಿ ಕುಣಿಯಬಹುದಾದ ಕನ್ನಡ ಬೇಕೆಂದು ಬಗೆದರು. 1921ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಸ್ಥಾಪಿಸಿದರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಅವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1937ರಲ್ಲಿ ನಿಧನರಾದರು.

ಪಂಜೆಯವರ ಮನೆಮಾತು ಕೊಂಕಣಿ, ಊರಿನ ಮಾತು ತುಳು, ಬರೆದದ್ದು ಕನ್ನಡದಲ್ಲಿ. ಈ ಮೂರರ ಸಂಗಮ ಅವರ ಬರಹದಲ್ಲಿ ಕಾಣುತ್ತದೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಅವರ ಕಥೆ, ಒಂದು ಕಾರಣದ ಬಾಲಕ್ಕೆ ಇನ್ನೊಂದು ಕಾರಣ ಕಟ್ಟಿಕೊಂಡು ಸಾಗುವ ಸರಪಳಿ ಕಥೆ. ಕರಾವಳಿಯ ಅಂಗಳದಲ್ಲಿ ಬಿಸಿಲಿಗೆ ಹರಡುವ ಸಿಗಡಿ ಅಲ್ಲಿ ಕಥೆಯ ವಸ್ತುವಾಗಿದೆ. ಮೀನು ಒಣಗಿಸುವ ಮನೆಯ ಮಗುವಿಗೆ ತನ್ನ ಅಂಗಳವೂ ಪುಸ್ತಕಕ್ಕೆ ಯೋಗ್ಯವಾದದ್ದು ಎಂಬ ಭರವಸೆ ಆ ಒಂದು ಶೀರ್ಷಿಕೆಯಿಂದಲೇ ದೊರೆಯುತ್ತದೆ. ಶಾಲಾ ಪುಸ್ತಕದ ಅಡುಗೆಮನೆಯಲ್ಲಿ ಪಾಯಸ, ಹೋಳಿಗೆಗಳಿಗೆ ಇರುವ ಸ್ಥಾನ ಮೀನಿಗೆ ಇಂದಿಗೂ ಸಿಕ್ಕಿಲ್ಲವೆಂಬುದನ್ನು ಗಮನಿಸಿದರೆ ಈ ಹೆಜ್ಜೆಯ ಮಹತ್ವ ತಿಳಿಯುತ್ತದೆ.

ಬೈದ್ಯರು ಪುಸ್ತಕಕ್ಕೆ ಬಂದದ್ದು

ಇದಕ್ಕಿಂತ ದೊಡ್ಡ ಹೆಜ್ಜೆಯೆಂದರೆ ಪಂಜೆಯವರ ‘ಕೋಟಿ ಚೆನ್ನಯ’. ಬಿಲ್ಲವ ಸಮುದಾಯದ ಅವಳಿ ವೀರರ ಈ ಕಥೆ ಶತಮಾನಗಳಿಂದ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಹಾಡಿನಲ್ಲಿ, ಗರಡಿಗಳ ನೇಮದಲ್ಲಿ ಉಳಿದಿತ್ತು. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಮ್ಯಾನರ್ ಸಂಗ್ರಹಿಸಿದ ತುಳು ಪಾಡ್ದನಗಳನ್ನು ಅಚ್ಚುಹಾಕಿತ್ತಾದರೂ, ಎಳೆಯರು ಓದಬಹುದಾದ ಸರಳ ಕನ್ನಡ ಗದ್ಯವಾಗಿ ಬೈದ್ಯರ ಕಥೆಯನ್ನು ಮನೆಮನೆಗೆ ತಲುಪಿಸಿದ ಕೀರ್ತಿ ಪಂಜೆಯವರದು.

ಕಥೆಯ ಹುರುಳು ನೇರವಾಗಿದೆ. ಪಡುಮಲೆಯ ಬಲ್ಲಾಳನ ಪ್ರಾಣ ಉಳಿಸಿದವಳು ಮದ್ದು ಬಲ್ಲ ದೇಯಿ ಬೈದೆತಿ. ಅವಳ ಮಕ್ಕಳಿಗೆ ಬಲ್ಲಾಳ ಕೊಟ್ಟ ಮಾತು ಉಳಿಯಲಿಲ್ಲ. ಗದ್ದೆಯ ನೀರಿನ ವಿಚಾರದಲ್ಲಿ ಬುದ್ಯಂತ ದರ್ಪ ತೋರಿದ. ದೊಡ್ಡವರ ಮಾತು ದೊಡ್ಡವರೇ ಮುರಿದರೆ ಚಿಕ್ಕವರು ಏನು ಮಾಡಬೇಕು ಎಂಬ ಪ್ರಶ್ನೆ ಎಂಟು ವರ್ಷದ ಮಗುವಿಗೂ ತಿಳಿಯುವಂಥದ್ದು. ಹ್ಯಾಮೆಲಿನ್ ಪಟ್ಟಣದ ಕೊಳಲಿನವನ ಕಥೆಯನ್ನು ಆಧರಿಸಿ ಕುವೆಂಪು ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿಯೂ ಇರುವುದು ಕೊಟ್ಟ ಮಾತಿಗೆ ತಪ್ಪಿದ ಗೌಡನೇ. ಕೋಟಿ ಚೆನ್ನಯರ ಕಥೆಯಲ್ಲಿ ಇದರೊಂದಿಗೆ ಜಾತಿಯ ಪ್ರಶ್ನೆಯೂ ಸೇರಿದೆ.

ಈ ಕಥೆ ಪುಸ್ತಕಕ್ಕೆ ಬಂದ ಕಾಲವನ್ನು ಮರೆಯುವಂತಿಲ್ಲ. ದೇವಸ್ಥಾನಗಳ ಪ್ರವೇಶ ನಿಷಿದ್ಧವಾಗಿದ್ದ ಬಿಲ್ಲವರಿಗಾಗಿ ಬ್ರಹ್ಮಶ್ರೀ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದು 1912ರಲ್ಲಿ. ಆ ತಲೆಮಾರಿನಲ್ಲಿಯೇ ಸಾರಸ್ವತ ಬ್ರಾಹ್ಮಣ ಅಧ್ಯಾಪಕರೊಬ್ಬರು ಬೈದ್ಯರನ್ನು ಎಲ್ಲ ಜಾತಿಯ ಮಕ್ಕಳ ನಾಯಕರನ್ನಾಗಿ ಮಾಡಿದರೆಂಬುದು ಸಣ್ಣ ಸಂಗತಿಯಲ್ಲ.

ಸಿರಿ ಮತ್ತು ಅಬ್ಬಕ್ಕ

ಹೆಣ್ಣುಮಕ್ಕಳ ವಿಚಾರಕ್ಕೆ ಬಂದರೆ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಥೆಪುಸ್ತಕದ ರಾಜಕುಮಾರಿ ಸಾಮಾನ್ಯವಾಗಿ ರಾಜಕುಮಾರನಿಗಾಗಿ ಕಾಯುತ್ತಾಳೆ. ಬೆಳ್ತಂಗಡಿ ತಾಲೂಕಿನ ಹಾಡಿನಲ್ಲಿ ಹಾಗಿಲ್ಲ. ಉಜಿರೆ ಸಮೀಪದ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರ ತಂಡಕ್ಕೆ ಸಿರಿ ಪಾಡ್ದನವನ್ನು ಹಾಡಿದರು. ಅದು 15,683 ಸಾಲುಗಳ ಮಹಾಕಾವ್ಯವಾಗಿ 1998ರಲ್ಲಿ ಪ್ರಕಟಗೊಂಡಿತು. ಅದರ ನಾಯಕಿ ಸಿರಿ, ಗಂಡನ ದ್ರೋಹವನ್ನು ಸಹಿಸಿಕೊಂಡು ಕೂರುವವಳಲ್ಲ. ವಿಚ್ಛೇದನ ಪಡೆದು, ಕೂಸನ್ನು ಎತ್ತಿಕೊಂಡು ಹೊರಡುತ್ತಾಳೆ, ಮುಂದೆ ಮರುಮದುವೆಯಾಗುತ್ತಾಳೆ. ಜಗತ್ತಿನ ವಿದ್ವಾಂಸರು ಓದುವ ಈ ಕಾವ್ಯ ಅದು ಹುಟ್ಟಿದ ತಾಲೂಕಿನ ಮಕ್ಕಳ ಪುಸ್ತಕದ ಕಪಾಟಿನಲ್ಲಿ ಕಾಣಸಿಗುವುದು ಅಪರೂಪ.

ಉಳ್ಳಾಲದ ರಾಣಿ ಅಬ್ಬಕ್ಕನ ಅದೃಷ್ಟ ಇದಕ್ಕಿಂತ ಮೇಲು. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅವಳ ಕಥೆ ಮಕ್ಕಳ ಪುಸ್ತಕಗಳಿಗೆ ಬಂದಿದೆ. ಬಂಟ್ವಾಳದಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರ ಮತ್ತು ವಸ್ತುಸಂಗ್ರಹಾಲಯವಿದೆ. ಆದರೆ ಮಕ್ಕಳಿಗೆ ತಿಳಿಸುವುದು ಅವಳ ಕತ್ತಿಯ ವಿಚಾರವನ್ನೇ ಹೊರತು, ಅವಳು ಪಟ್ಟಕ್ಕೆ ಬಂದದ್ದು ಹೇಗೆಂಬುದನ್ನಲ್ಲ. ಮೂಡುಬಿದಿರೆಯಲ್ಲಿ ಅರಮನೆಯಿದ್ದ ಚೌಟ ಮನೆತನದಲ್ಲಿ ಅಳಿಯಕಟ್ಟಿನ ಪದ್ಧತಿ ಇತ್ತು. ಹಕ್ಕು ತಾಯಿಯ ಕಡೆಯಿಂದ ಬರುತ್ತಿದ್ದುದರಿಂದ ಸೋದರಮಾವನ ಬಳಿಕ ಹೆಣ್ಣುಮಗಳು ಪಟ್ಟವೇರುವುದು ಅಲ್ಲಿ ಸಾಧ್ಯವಿತ್ತು. ಇಷ್ಟನ್ನು ಹೇಳಿದರೆ ಮಗುವಿಗೆ ಒಬ್ಬ ವೀರ ರಾಣಿಯೊಂದಿಗೆ ಒಂದು ಸಮಾಜದ ಕಟ್ಟಳೆಯೂ ಪರಿಚಯವಾಗುತ್ತದೆ.

ಯಾವ ಪುಟದಲ್ಲಿ ಎಂಬುದೂ ಮುಖ್ಯ

ಮಕ್ಕಳ ಪುಸ್ತಕದಲ್ಲಿ ಯಾರಿಗೆ ಜಾಗ ಎಂಬುದು ಹಿರಿಯರ ರಾಜಕೀಯವೂ ಹೌದೆಂದು 2022ರಲ್ಲಿ ಮತ್ತೊಮ್ಮೆ ಸಾಬೀತಾಯಿತು. ಪರಿಷ್ಕೃತ 10ನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಿಂದ ನಾರಾಯಣ ಗುರುಗಳ ಕುರಿತ ಭಾಗವನ್ನು ಕೈಬಿಟ್ಟಾಗ ಕರಾವಳಿಯಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಗುರುಗಳ ಪಾಠ ಕನ್ನಡ ಪಠ್ಯದಲ್ಲಿದೆ ಎಂದು ಅಂದಿನ ಸರಕಾರ ಸಮಜಾಯಿಷಿ ನೀಡಿತು. 2023ರಲ್ಲಿ ಸರಕಾರ ಬದಲಾದ ಬಳಿಕ ಪಠ್ಯಗಳು ಮತ್ತೆ ತಿದ್ದುಪಡಿಗೊಂಡವು.

ಪಾಠ ಇದೆಯೋ ಇಲ್ಲವೋ ಎಂಬಷ್ಟಕ್ಕೆ ಈ ವಿವಾದ ಮುಗಿಯುವುದಿಲ್ಲ. ಭಾಷಾ ಪಠ್ಯದಲ್ಲಿ ಗುರುಗಳು ಒಬ್ಬ ಸಂತರಾಗಿ, ಗೌರವಿಸಬೇಕಾದ ವ್ಯಕ್ತಿಯಾಗಿ ಬರುತ್ತಾರೆ. ಸಮಾಜ ವಿಜ್ಞಾನದಲ್ಲಿ ಬಂದರೆ, ಅವರು ಬದಲಾಯಿಸಲು ಹೊರಟ ಸಮಾಜ ಎಂಥದ್ದಾಗಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಕಲ್ಕುಡನಿಗೂ ಕೋಟಿ ಚೆನ್ನಯರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರನ್ನು ಕೈಮುಗಿಯಬೇಕಾದವರೆಂದು ಮಾತ್ರ ತಿಳಿದ ಮಗುವಿಗೆ, ಅವರಿಗಾದ ಅನ್ಯಾಯ ಯಾವುದೆಂದು ಗೊತ್ತಾಗದೆ ಹೋಗಬಹುದು.

ಇದಕ್ಕೆ ಉದಾಹರಣೆ ಕೊರಗಜ್ಜ. ಕೊರಗ ಸಮುದಾಯದ ತನಿಯ, ಶೇಂದಿ ಮಾರುವ ಮೈರಕ್ಕೆ ಬೈದೆತಿಯ ಆಶ್ರಯದಲ್ಲಿ ಬೆಳೆದ ಹುಡುಗ. ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಬಂದವನನ್ನು ಒಳಗೆ ಬಿಡಲಿಲ್ಲ. ಅಲ್ಲಿ ಮಾಯವಾದವನು ದೈವವಾದ. ಇಂದು ಎಲ್ಲ ಜಾತಿಯವರೂ ಅವನಿಗೆ ಹರಕೆ ಹೊರುತ್ತಾರೆ. ಅದೇ ಸಮುದಾಯವನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಕೊರಗ ಮಗುವೊಂದು ಶಾಲೆಗೆ ಹೋಗುವ, ಗೆಳೆಯರೊಂದಿಗೆ ಆಡುವ, ಗೆಲ್ಲುವ ಕಥೆಗಳು ಮಾತ್ರ ಬೆರಳೆಣಿಕೆಗೂ ಸಿಗುವುದು ಕಷ್ಟ.

ಬರೆಯುವವರ ತೊಡಕು

ಇಂಥ ಕಥೆಗಳನ್ನು ಮಕ್ಕಳಿಗಾಗಿ ಬರೆಯುವುದು ಸುಲಭವಲ್ಲ. ಮೊದಲನೆಯದು ಕಾರಣಿಕದ ಭಯ. ನಂಬಿದ ದೈವದ ಕಥೆಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಮನಸ್ಸು ನೋಯುವವರಿದ್ದಾರೆ. ಎರಡನೆಯದು ಕ್ರೌರ್ಯ. ಕೈ ಕಡಿಯುವುದನ್ನು, ಸೇಡನ್ನು ಎಳೆಯರಿಗೆ ಹೇಗೆ ಹೇಳುವುದು? ಇದಕ್ಕೆ ಅಂಜಿ ಅನ್ಯಾಯವನ್ನೇ ಅಳಿಸಿಬಿಟ್ಟರೆ ಉಳಿಯುವುದು ಪವಾಡ ಮಾತ್ರ. ಮೂರನೆಯದು ಭಾಷೆ. ಈ ಮೂರೂ ತಾಲೂಕುಗಳಲ್ಲಿ ಬಹಳಷ್ಟು ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಮನೆಯಲ್ಲಿ ತಾಯಿ ಅಪ್ಪೆ, ಉಮ್ಮ ಅಥವಾ ಆವಯ್; ಪುಸ್ತಕದಲ್ಲಿ ಎಲ್ಲರಿಗೂ ಅಮ್ಮ. ತುಳು ಮತ್ತು ಕೊಂಕಣಿ ಅಕಾಡೆಮಿಗಳು 1994ರಲ್ಲಿ, ಬ್ಯಾರಿ ಅಕಾಡೆಮಿ 2009ರಲ್ಲಿ ಸ್ಥಾಪನೆಯಾದರೂ, ಮನೆಮಾತಿನ ಕಥೆಪುಸ್ತಕ ಶಾಲೆಯ ಚೀಲ ಸೇರುವ ದಾರಿ ಇನ್ನೂ ಕಿರಿದಾಗಿಯೇ ಇದೆ.

ಆದರೂ ಮಾದರಿಗಳಿಗೆ ಕೊರತೆಯಿಲ್ಲ. ನೆರೆಯ ಪುತ್ತೂರಿನ ಬೊಳುವಾರಿನವರಾದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಮಹಾತ್ಮನನ್ನು ಹುಟ್ಟಿನಿಂದಲೇ ದೇವರಾಗಿ ತೋರಿಸದೆ, ಆಗುತ್ತ ಹೋದವನಾಗಿ ಕಾಣುವ ನೋಟ ಅದರ ಶೀರ್ಷಿಕೆಯಲ್ಲಿಯೇ ಇದೆ. ಮರುವರ್ಷ ಅದೇ ಪುರಸ್ಕಾರ ಪಡೆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ಅಣೆಕಟ್ಟಿಗೆ ಊರು ಕೊಟ್ಟವರ ಪ್ರಪಂಚಕ್ಕೆ ಮಕ್ಕಳನ್ನು ಕರೆದೊಯ್ಯುತ್ತದೆ. ದೊಡ್ಡ ಪ್ರಶ್ನೆಗಳನ್ನು ಮಕ್ಕಳ ಮುಂದಿಡಬಹುದೆಂಬುದಕ್ಕೆ ಈ ಎರಡು ಪುಸ್ತಕಗಳೇ ಸಾಕ್ಷಿ.

ತಲುಪಿಸುವ ವ್ಯವಸ್ಥೆಯೂ ಒಂದಿಷ್ಟು ಇದೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರಲು ಯತ್ನಿಸಿತು. ಮಕ್ಕಳೇ ಅಧ್ಯಕ್ಷತೆ ವಹಿಸುವ ಮಕ್ಕಳ ಸಾಹಿತ್ಯ ಸಮ್ಮೇಳನಗಳು ಬಂಟ್ವಾಳ ತಾಲೂಕಿನಲ್ಲಿ ನಡೆದಿವೆ. ಈ ವೇದಿಕೆಗಳಲ್ಲಿ ಮಕ್ಕಳು ಪರಿಸರ, ಹಬ್ಬ, ತಾಯಿಯ ಪ್ರೀತಿಯ ಬಗ್ಗೆ ಬರೆದು ಓದುವುದು ವಾಡಿಕೆ. ಅಜ್ಜಿಯಿಂದ ಕೇಳಿದ ಕಥೆಯೊಂದನ್ನು ಬರೆದು ತರಲು, ಅದರಲ್ಲಿ ತನಗೆ ಸರಿಯೆನಿಸದ ಸಂಗತಿ ಯಾವುದೆಂದು ಹೇಳಲು ಅಧ್ಯಾಪಕರು ಸೂಚಿಸಿದರೆ ಖರ್ಚಿಲ್ಲದೆ ಹೊಸ ಸಾಹಿತ್ಯ ಹುಟ್ಟಬಹುದು.

ವೇಣೂರಿನ ಗೊಮ್ಮಟನ ಮುಂದೆ ನಿಂತ ಮಗು 1604 ಎಂಬ ಇಸವಿಯನ್ನೂ ತಿಮ್ಮರಾಜನ ಹೆಸರನ್ನೂ ಬರೆದುಕೊಳ್ಳಬೇಕಾದದ್ದೇ. ಪರೀಕ್ಷೆಗೆ ಅದು ಬೇಕು. ಅದರ ಜೊತೆಗೆ ಕಲ್ಕುಡನ ಕಥೆಯನ್ನೂ ಕೇಳಿದ ಮಗು, ಅರಸ ಅವನ ಕೈ ಯಾಕೆ ಕಡಿಸಿದ ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರಿಸಲು ಹಿರಿಯರು ಸಿದ್ಧರಿರಬೇಕು.